ಕೀಲಿಮಣೆ ನಾಪೋಕ್ಲಿನಲ್ಲಿ, ಕಂಪ್ಯೂಟರ್ ಮುಂಬೈಯಲ್ಲಿ

ಜುಲೈ ತಿಂಗಳ ಒಂದು ಮಧ್ಯಾಹ್ನ ಕೊಡಗಿನ ನಾಪೋಕ್ಲು ಹತ್ತಿರದ ಅಕ್ಕನ ಮನೆಯಲ್ಲಿದ್ದೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ತೋಟದ ಕಡೆಯಿಂದ ಸಿಲ್ವರ್ ಓಕ್ ಮುರಿದು ಬಿದ್ದ ಸದ್ದು ಕೇಳಿತು, ಅದರ ಬೆನ್ನಿಗೇ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ ಅಕ್ಕನ ಮಗಳು ತಲೆ ಎತ್ತಲೂ ಇಲ್ಲ. ವೈಫೈ ಡಬ್ಬಿಯ ದೀಪ ಆರಿದ್ದು ನೋಡಿ ಮೊಬೈಲನ್ನು ಕಿಟಕಿಯ ಸರಳಿಗೆ ಒರಗಿಸಿ, ಹಾಟ್‌ಸ್ಪಾಟ್ ಹಾಕಿಕೊಂಡಳು.

"ಮಾಡಿದ ಕೆಲಸ ಹೋಯ್ತೇನೇ?" ಎಂದೆ.

"ಇಲ್ಲ ಮಾವ. ನನ್ನ ಕಂಪ್ಯೂಟರ್ ಇಲ್ಲೆಲ್ಲಿದೆ? ಅದು ಮುಂಬೈಯಲ್ಲಿ ಓಡ್ತಾ ಇದೆ. ಇದು ಬರೀ ಕಿಟಕಿ."

ಕೊರೊನಾ ಕಾಲದ ಲಾಕ್‌ಡೌನ್‌ನಲ್ಲಿ ಸೋಮವಾರಪೇಟೆ ತಾಲ್ಲೂಕಿನ ಶಾಲಾ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣಿಗೆ ಕಟ್ಟಿ ಆನ್‌ಲೈನ್ ಪಾಠ ಮಾಡಿದ್ದನ್ನು ಕೊಡಗಿನವರು ಮರೆತಿಲ್ಲ. ಅದೇ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದ ಸಾಫ್ಟ್‌ವೇರ್ ಹುಡುಗ ಹುಡುಗಿಯರಲ್ಲಿ ಕೆಲವರು ಇಲ್ಲೇ ಉಳಿದರು. ಅವರು ಉಳಿಯಲು ಸಾಧ್ಯವಾದದ್ದಕ್ಕೆ ಈ 'ಕಿಟಕಿ'ಯೂ ಒಂದು ಕಾರಣ. ಅದರ ಹೆಸರು ವರ್ಕ್‌ಸ್ಪೇಸ್. ಎಲ್ಲೋ ಒಂದು ದತ್ತಾಂಶ ಕೇಂದ್ರದ ದೊಡ್ಡ ಗಣಕದೊಳಗೆ ಒಬ್ಬ ಪ್ರೋಗ್ರಾಮರ್‌ಗೆಂದು ಬಿಡಿಸಿಕೊಟ್ಟ ಜಾಗ ಅದು. ಅಕ್ಕನ ಮಗಳ ತಂಡದಲ್ಲಿ ನಲವತ್ತು ಜನ. ಎಲ್ಲರೂ ಒಂದೇ ತಂತ್ರಾಂಶ ಕಟ್ಟುತ್ತಾರೆ, ಆದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಜಾಗ.

ದೂರದ ಲೆಕ್ಕವನ್ನು ಮೊದಲು ಮುಗಿಸೋಣ. ಮಡಿಕೇರಿಯಿಂದ ಮುಂಬೈಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 800 ಕಿ.ಮೀ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಎಂದರೆ ಹೋಗಲು 4 ಮಿಲಿಸೆಕೆಂಡ್, ಬರಲು 4. ಕೇಬಲ್ ಊರೂರು ಸುತ್ತುವುದರಿಂದ ನಿಜದಲ್ಲಿ ಹತ್ತಾರು ಮಿಲಿಸೆಕೆಂಡ್ ಆಗುತ್ತದೆ. ಬೆರಳಿಗೆ ಅದು ಗೊತ್ತಾಗುವುದಿಲ್ಲ. ಮಳೆಗಾಲದ ಮೊಬೈಲ್ ಸಿಗ್ನಲ್‌ನಲ್ಲಿ ಮಾತ್ರ ಅರ್ಧ ಸೆಕೆಂಡ್ ದಾಟುತ್ತದೆ. ಆಗ ಒತ್ತಿದ ಅಕ್ಷರ ಮುಂಬೈಗೆ ಹೋಗಿ ಬಂದ ಮೇಲೆ ಪರದೆಗೆ ಬರಲಿ ಎಂದು ಕಾದರೆ ಕೆಲಸ ಸಾಗದು. 2012ರಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ 'ಮೋಶ್' ಎಂಬ ತಂತ್ರಾಂಶ ಇದಕ್ಕೆ ಚಂದದ ಉಪಾಯ ಕಂಡುಕೊಂಡಿತು. ಅಲ್ಲಿಂದ ಏನು ಮರಳಬಹುದೆಂದು ಇಲ್ಲೇ ಊಹಿಸಿ ಅಕ್ಷರವನ್ನು ತೋರಿಸಿಬಿಡುತ್ತದೆ. ಸಂಪರ್ಕ ನಿಧಾನವಾಗಿದ್ದರೆ ಊಹೆಯ ಅಕ್ಷರಗಳ ಕೆಳಗೆ ಗೆರೆ ಎಳೆಯುತ್ತದೆ, ಖಚಿತವಾದ ಮೇಲೆ ಗೆರೆ ಅಳಿಸುತ್ತದೆ. ವೈಫೈ ಹೋಗಿ ಮೊಬೈಲ್ ಬಂದರೂ ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. 2019ರ ನಂತರ ವಿಎಸ್ ಕೋಡ್‌ನಂಥ ಸಂಪಾದಕಗಳು ತಮ್ಮನ್ನೇ ಎರಡಾಗಿ ಸೀಳಿಕೊಂಡವು. ಬರೆಯುವ ಭಾಗ ಇಲ್ಲಿ. ಕಡತ ಇಡುವ, ಪ್ರೋಗ್ರಾಂ ಓಡಿಸುವ ಭಾಗ ಅಲ್ಲಿ.

ಒಂದೇ ಗಣಕವನ್ನು ಹಲವರು ಹಂಚಿಕೊಳ್ಳುವುದು ಹೊಸದಲ್ಲ. ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು 1961ರ ನವೆಂಬರ್‌ನಲ್ಲೇ ಪ್ರದರ್ಶಿಸಿದ್ದರು. ಅದು ಬಳಕೆಯಲ್ಲಿದ್ದ ದಿನಗಳಲ್ಲಿ ಒಂದು ಅನಾಹುತವಾಯಿತು. ಆ ವ್ಯವಸ್ಥೆಯ ಸಂಪಾದಕವು ತಿದ್ದುತ್ತಿರುವ ಕಡತವನ್ನು ಯಾವಾಗಲೂ ಒಂದೇ ಹೆಸರಿನ ತಾತ್ಕಾಲಿಕ ಕಡತದಲ್ಲಿ ಇಟ್ಟುಕೊಳ್ಳುತ್ತಿತ್ತು. ಒಂದು ಕೋಶದಲ್ಲಿ ಒಮ್ಮೆಗೆ ಒಬ್ಬರೇ ಇರುತ್ತಾರೆ ಎಂಬ ನಂಬಿಕೆ. ವ್ಯವಸ್ಥಾಪಕರು ಮಾತ್ರ ಅನುಕೂಲಕ್ಕೆಂದು ಒಂದೇ ಕೋಶವನ್ನು ಹಂಚಿಕೊಂಡಿದ್ದರು. ಒಂದು ದಿನ ಒಬ್ಬರು ಬಳಕೆದಾರರಿಗೆ ತೋರಿಸುವ ದಿನದ ಸಂದೇಶ ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಪಟ್ಟಿ. ಎರಡು ತಾತ್ಕಾಲಿಕ ಕಡತಗಳು ಅದಲುಬದಲಾದವು. ಆಮೇಲೆ ಲಾಗಿನ್ ಆದ ಪ್ರತಿಯೊಬ್ಬರಿಗೂ ಸ್ವಾಗತ ಸಂದೇಶದ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್‌ಗಳು ಕಂಡವು! ಕಾರ್ಬಾಟೊ ಈ ಪ್ರಸಂಗವನ್ನು ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಹೇಳಿಕೊಂಡಿದ್ದಾರೆ. ಅಲ್ಲಿ ಯಾರೂ ಕಳ್ಳರಿರಲಿಲ್ಲ, ಯಾರೂ ಅಜಾಗರೂಕರೂ ಅಲ್ಲ. ಇಬ್ಬರ ನಡುವೆ ಒಂದು ಗೋಡೆ ಇರಲಿಲ್ಲ, ಅಷ್ಟೇ.

ಇಂದು ಆ ಗೋಡೆಯನ್ನು ಲಿನಕ್ಸ್‌ನ ತಿರುಳೇ (ಕರ್ನಲ್) ಎಬ್ಬಿಸುತ್ತದೆ. ಅಕ್ಕನ ಮಗಳು ನನಗೆ ತೋರಿಸಲೆಂದು ನಡೆಯುತ್ತಿರುವ ಕೆಲಸಗಳ ಪಟ್ಟಿ ಕೇಳುವ 'ಪಿಎಸ್' ಆಜ್ಞೆ ಒತ್ತಿದಳು. ಆರೇ ಸಾಲು ಬಂದವು. ಮೊದಲನೆಯದರ ಸಂಖ್ಯೆ 1. ಅದೇ ಯಂತ್ರದಲ್ಲಿ ಆ ಹೊತ್ತಿಗೆ ತಂಡದ ಇನ್ನೂ ಎಷ್ಟೋ ಜನರ ಸಾವಿರಾರು ಕೆಲಸಗಳು ನಡೆಯುತ್ತಿದ್ದವು. ಅವಳ ಜಾಗದಿಂದ ನೋಡಿದರೆ ಅವು ಇಲ್ಲವೇ ಇಲ್ಲ. ಒಳಗಿನ ಎಣಿಕೆ ಒಂದರಿಂದ ಶುರುವಾಗುತ್ತದೆ, ಹೊರಗೆ ಅದೇ ಕೆಲಸಕ್ಕೆ ಬೇರೆ ದೊಡ್ಡ ಸಂಖ್ಯೆ. ಇದನ್ನು ನೇಮ್‌ಸ್ಪೇಸ್ ಎನ್ನುತ್ತಾರೆ.

ಕಣ್ಣಿಗೆ ಮರೆ ಕಟ್ಟಿದರೆ ಸಾಲದು, ಉಣ್ಣುವುದಕ್ಕೂ ಅಳತೆ ಬೇಕು. ಅದು ಕಂಟ್ರೋಲ್ ಗ್ರೂಪ್‌ನ ಕೆಲಸ. ಗೂಗಲ್‌ನ ಎಂಜಿನಿಯರ್‌ಗಳು 2006ರಲ್ಲಿ ಶುರು ಮಾಡಿದ್ದು, 2008ರ ಜನವರಿಯಲ್ಲಿ ಲಿನಕ್ಸ್‌ಗೆ ಸೇರಿತು. ಇದು ಸಿಪಿಯು ಮತ್ತು ಮೆಮೊರಿಯನ್ನು ಒಂದೇ ರೀತಿ ನಡೆಸಿಕೊಳ್ಳುವುದಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಸಿಪಿಯು ಕಾಲದ ಲೆಕ್ಕ: ಪ್ರತಿ 100 ಮಿಲಿಸೆಕೆಂಡಿಗೆ ಇಷ್ಟು ಎಂದು ಪಾಲು. ಪಾಲು ಮುಗಿದರೆ ಮುಂದಿನ ಸರದಿಯವರೆಗೆ ಕಾಯಬೇಕು, ಕೆಲಸ ನಿಧಾನವಾಗುತ್ತದೆ, ಸಾಯುವುದಿಲ್ಲ. ಮೆಮೊರಿಯನ್ನು ಹಾಗೆ ಕಾಯಿಸಲಾಗದು. ಹಿಡಿದ ಜಾಗ ಹಿಡಿದದ್ದೇ. ಮಿತಿ ದಾಟಿದರೆ, ಬಿಡಿಸಿಕೊಳ್ಳಲು ಬೇರೇನೂ ಸಿಗದಿದ್ದರೆ, ತಿರುಳು ಆ ಪ್ರೋಗ್ರಾಂ ಅನ್ನೇ ಕೊಲ್ಲುತ್ತದೆ. ಪರದೆಯ ಮೇಲೆ 137 ಎಂಬ ಸಂಖ್ಯೆ ಉಳಿಯುತ್ತದೆ: 128ಕ್ಕೆ 9 ಕೂಡಿದ್ದು, 9 ಎಂದರೆ 'ಕೊಲ್ಲು' ಎಂಬ ಸಂಕೇತ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ 137 ನೋಡಿ ತನ್ನ ಕೋಡ್‌ನಲ್ಲೇ ತಪ್ಪಿದೆ ಎಂದು ಅವಳು ಎರಡು ರಾತ್ರಿ ಹುಡುಕಿದ್ದಳಂತೆ. ತಪ್ಪು ಕೋಡ್‌ನದಲ್ಲ, ಯಾರೋ ಕಡಿಮೆ ಇಟ್ಟ ಮಿತಿಯದು.

ಹಾಗಾದರೆ ನಲವತ್ತು ಜಾಗ ತಯಾರಾಗುವುದು ಹೇಗೆ? ಇದಕ್ಕೆ ಅವಳ ಮನೆಯ ಹಿಂದಿನ ಕಾಫಿ ನರ್ಸರಿಯನ್ನೇ ನೋಡಬಹುದು. ಡಿಸೆಂಬರ್, ಜನವರಿಯಲ್ಲಿ ಪಾತಿಗೆ ಬೀಜ ಬೀಳುತ್ತದೆ. ಮೊಳಕೆ ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತು ನಿಂತ ಟೋಪಿ ಹಂತದಲ್ಲಿ ಅದನ್ನು ಚೀಲಕ್ಕೆ ಸಾಗಿಸುತ್ತಾರೆ. ಎಲ್ಲ ಚೀಲಕ್ಕೂ ಒಂದೇ ಮಿಶ್ರಣ: ಕಾಡುಮಣ್ಣು ಆರು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಎರಡು ಪಾಲು, ಮರಳು ಒಂದು ಪಾಲು. ಒಂದು ಸಸಿ ಸತ್ತರೆ ಅದೇ ಅಳತೆಯಲ್ಲಿ ಇನ್ನೊಂದು ಚೀಲ ತುಂಬುತ್ತಾರೆ. ವರ್ಕ್‌ಸ್ಪೇಸ್‌ಗೂ ಇಂಥ ಒಂದು ಅಳತೆಪಟ್ಟಿ ಇದೆ. ಯಾವ ಭಾಷೆ, ಯಾವ ಆವೃತ್ತಿ, ಯಾವ ಉಪಕರಣ, ಎಷ್ಟು ಮೆಮೊರಿ ಎಂಬುದನ್ನೆಲ್ಲ ಒಂದು ಕಡತದಲ್ಲಿ ಬರೆದು ಕೋಡ್‌ನ ಜೊತೆಯಲ್ಲೇ ಇಡುತ್ತಾರೆ. ಅದರಿಂದ ಎಲ್ಲ ಜಾಗಗಳಿಗೂ ಒಂದೇ ಅಚ್ಚು ತಯಾರಾಗುತ್ತದೆ. ನರ್ಸರಿಯಲ್ಲಿ ಇಲ್ಲದ ಒಂದು ಸೌಕರ್ಯ ಇಲ್ಲಿದೆ: ನಲವತ್ತು ಚೀಲಕ್ಕೆ ನಲವತ್ತು ಪಟ್ಟು ಮಣ್ಣು ಬೇಡ. ಒಂದು ಯಂತ್ರದಲ್ಲಿ ಅಚ್ಚಿನ ಪದರಗಳು ಒಂದೇ ಪ್ರತಿ, ಎಲ್ಲರೂ ಅದನ್ನೇ ಓದುತ್ತಾರೆ. ಬದಲಾಯಿಸಲು ಹೋದಾಗ ಮಾತ್ರ, ಚಿತ್ರದ ಮೇಲೆ ಹಾಸಿದ ಟ್ರೇಸಿಂಗ್ ಹಾಳೆಯ ಹಾಗೆ, ಅವರವರ ತೆಳು ಪದರದಲ್ಲಿ ಆ ಬದಲಾವಣೆ ಕೂರುತ್ತದೆ.

ಜಾಗ ನಿಂತು ಮತ್ತೆ ಎದ್ದಾಗ ಈ ತೆಳು ಪದರ ಹಲವು ಏರ್ಪಾಡುಗಳಲ್ಲಿ ಉಳಿಯುವುದಿಲ್ಲ. ಬಳಕೆದಾರರ ಸ್ವಂತ ಕೋಶ ಬೇರೆ ಡಿಸ್ಕ್‌ನಲ್ಲಿರುವುದರಿಂದ ಅದೊಂದು ಉಳಿಯುತ್ತದೆ. ಮೇಲೆ ಕೈಯಾರೆ ಹಾಕಿಕೊಂಡ ಉಪಕರಣಗಳು ಹೋಗುತ್ತವೆ. ಕಳೆದ ವರ್ಷ ಅವಳು ಚಿತ್ರ ಕುಗ್ಗಿಸುವ ಒಂದು ಲೈಬ್ರರಿಯನ್ನು ಹೀಗೆ ಕೈಯಾರೆ ಹಾಕಿ, ಪಟ್ಟಿಗೆ ಬರೆಯಲು ಮರೆತಳು. ಅವಳಲ್ಲಿ ಎಲ್ಲ ಸರಿಯಾಗಿ ಓಡಿತು, ಬೇರೆಯವರಲ್ಲಿ ಓಡಲಿಲ್ಲ. ಮರುದಿನ ಅವಳಲ್ಲೂ ಓಡಲಿಲ್ಲ. "ಅವತ್ತಿಂದ ಏನು ಹಾಕಿದ್ರೂ ಮೊದಲು ಪಟ್ಟಿಗೆ ಬರೀತೀನಿ, ಆಮೇಲೆ ಜಾಗ ಅಳಿಸಿ ಹೊಸದು ಮಾಡಿ ನೋಡ್ತೀನಿ" ಎಂದಳು. ನನಗೆ ಇದು ಈ ಇಡೀ ತಂತ್ರದ ಜೀವಾಳವೆನಿಸುತ್ತದೆ. ಕಾಪಾಡಬೇಕಾದದ್ದು ಚೀಲವನ್ನಲ್ಲ, ಮಿಶ್ರಣದ ಅಳತೆಯನ್ನು.

ಆ ವಾರ ತಂಡದ ಜಾಗಗಳ ಪಾರುಪತ್ಯ ಅವಳದೇ ಆಗಿತ್ತು. ಹೊಸ ಜಾಗ ಕೊಡುವುದು ಅದರಲ್ಲಿ ಅತಿ ಸುಲಭದ ಕೆಲಸ. ರಹಸ್ಯ ಕೀಲಿಗಳನ್ನು ಯಾರೂ ಪಟ್ಟಿಯೊಳಗೆ ಬರೆಯದಂತೆ ನೋಡಿಕೊಳ್ಳಬೇಕು. ಅವನ್ನು ಜಾಗ ಏಳುವಾಗ ಕೊಡಬೇಕು, ಸ್ವಲ್ಪ ಹೊತ್ತಿಗೆ ಅವು ತಾವೇ ಸತ್ತುಹೋಗುವಂತಿರಬೇಕು. ಕೆಲಸ ಬಿಟ್ಟು ಹೋದವರ ಜಾಗ ಮುಚ್ಚಬೇಕು. ಸುಮ್ಮನೆ ಓಡುತ್ತಿರುವುದನ್ನು ನಿಲ್ಲಿಸಬೇಕು, ಯಾಕೆಂದರೆ 'ಕ್ಲೌಡ್' ಗಣಕಕ್ಕೆ ಬಾಡಿಗೆ ಗಡಿಯಾರದ ಲೆಕ್ಕ. ಗಿಟ್‌ಹಬ್‌ನ ಕೋಡ್‌ಸ್ಪೇಸಸ್ ಎಂಬ ಇಂಥದೇ ಸೇವೆಯಲ್ಲಿ ಯಾರೂ ಬದಲಾಯಿಸದಿದ್ದರೆ ಇರುವ ನಿಯಮ ಇದು: 30 ನಿಮಿಷ ಯಾರೂ ಮುಟ್ಟದಿದ್ದರೆ ನಿಲ್ಲುತ್ತದೆ, ನಿಂತು 30 ದಿನವಾದರೆ ಅಳಿಯುತ್ತದೆ. ಹಣ ಉಳಿಸಲು ಈ ದಿನಗಳನ್ನು ಇನ್ನೂ ಇಳಿಸುವ ತಂಡಗಳೂ ಇವೆ. ಅವರಿಗೆ ನಾನೊಂದು ಮಾತು ಹೇಳಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದಾಗ ನಮ್ಮಲ್ಲಿ ರಸ್ತೆ, ಕರೆಂಟು, ಫೋನು ಒಟ್ಟಿಗೇ ಹೋಗಿದ್ದವು. ಅಂಥ ಹೊತ್ತಿನಲ್ಲಿ ಮನುಷ್ಯ ಕೆಲಸದ ಹತ್ತಿರ ಬರಲಾಗದೆ ಇರುತ್ತಾನೆ. ಯಂತ್ರಕ್ಕೆ ಅವನು ಸೋಮಾರಿಯಾಗಿ ಕಾಣುತ್ತಾನೆ. ದಿನ ಎಣಿಸುವ ನಿಯಮ ಬರೆಯುವವರು ತಮ್ಮ ಜನ ಎಲ್ಲೆಲ್ಲಿ ಕುಳಿತಿದ್ದಾರೆಂದು ಒಮ್ಮೆ ಕೇಳಿ ಬರೆಯಲಿ.

ಸಂಜೆ ನಾಲ್ಕರ ಹೊತ್ತಿಗೆ ಅವಳು ಅಳಿಸಬೇಕಾದ ಜಾಗಗಳ ಪಟ್ಟಿ ತೆರೆದಳು. ಒಂಬತ್ತು ಇದ್ದವು. ಎಂಟರ ಕೋಡ್ ಎಲ್ಲವೂ ತಂಡದ ಮೂಲ ಭಂಡಾರಕ್ಕೆ ಸೇರಿತ್ತು, ಅಳಿಸಿದಳು. ಒಂಬತ್ತನೆಯದರಲ್ಲಿ ಇನ್ನೂ ಒಪ್ಪಿಸದ ಬದಲಾವಣೆಗಳಿದ್ದವು, ಮುಟ್ಟಿ ಇಪ್ಪತ್ತೇಳು ದಿನವಾಗಿತ್ತು. ಅಸ್ಸಾಮಿನ ಹುಡುಗನದು. ಮೂರು ಸಲ ಫೋನ್ ಮಾಡಿದಳು, ಸಿಗಲಿಲ್ಲ. "ಅವರ ಊರಲ್ಲಿ ಬ್ರಹ್ಮಪುತ್ರ ತುಂಬಿದೆಯಂತೆ ಮಾವ" ಎನ್ನುತ್ತಾ ಆ ಸಾಲಿನ ಎದುರು 'ಉಳಿಸು' ಎಂದು ಗುರುತು ಹಾಕಿ, ಮೊಬೈಲನ್ನು ಮತ್ತೆ ಕಿಟಕಿಯ ಸರಳಿಗೆ ಒರಗಿಸಿದಳು.