ತೊರ್ಬೆಲ್: ಆಲ್ಪ್ಸ್ ಗ್ರಾಮವೊಂದರ ಸಾಮುದಾಯಿಕ ಸ್ವಾಮ್ಯ ಮತ್ತು ಬದುಕು

ಸ್ವಿಟ್ಜರ್ಲೆಂಡಿನ ದಕ್ಷಿಣದಲ್ಲಿರುವ ವಾಲಿಸ್ ಪ್ರಾಂತದ ಫಿಸ್ಪ್ ಕಣಿವೆಯಲ್ಲಿ, ಸುಮಾರು 1,500 ಮೀಟರ್ ಎತ್ತರದ ಕಡಿದಾದ ಇಳಿಜಾರಿನ ಮೇಲೆ ತೊರ್ಬೆಲ್ ಎಂಬ ಚಿಕ್ಕ ಗ್ರಾಮವಿದೆ. ಜರ್ಮನ್ ಭಾಷಿಕರಾದ ಕ್ಯಾಥೊಲಿಕ್ ರೈತರ ಈ ಊರು ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಅವರು 1981ರಲ್ಲಿ ಪ್ರಕಟಿಸಿದ 'ಬ್ಯಾಲೆನ್ಸಿಂಗ್ ಆನ್ ಆ್ಯನ್ ಆಲ್ಪ್' ಕೃತಿಯಿಂದ ವಿದ್ವಾಂಸರ ಗಮನಕ್ಕೆ ಬಂದಿತು. ಸೀಮಿತ ಸಂಪನ್ಮೂಲವನ್ನು ಅನೇಕರು ಕೂಡಿ ಬಳಸಿಯೂ ಶತಮಾನಗಳ ಕಾಲ ಹೇಗೆ ಉಳಿಸಿಕೊಳ್ಳಬಹುದು ಎಂಬ ಪ್ರಶ್ನೆಯ ದೃಷ್ಟಿಯಿಂದ ಈ ಗ್ರಾಮವನ್ನು ಇಲ್ಲಿ ಅವಲೋಕಿಸಲಾಗಿದೆ.

ಇಲ್ಲಿನ ಭೂಸ್ವಾಮ್ಯವು ದ್ವಿವಿಧವಾದುದು. ಧಾನ್ಯದ ಹೊಲ, ಕೈತೋಟ, ದ್ರಾಕ್ಷಿತೋಟ ಮತ್ತು ಹುಲ್ಲು ಕೊಯ್ಯುವ ಬಯಲುಗಳು ಖಾಸಗಿ. ಅವು ಗಂಡು ಹೆಣ್ಣೆನ್ನದೆ ಮಕ್ಕಳೆಲ್ಲರಿಗೂ ಪಾಲಾಗುತ್ತಿದ್ದವು. ಎತ್ತರದ ಬೇಸಿಗೆ ಹುಲ್ಲುಗಾವಲು, ಕಾಡು, ಬಂಜರು, ನೀರಿನ ಕಾಲುವೆ ಮತ್ತು ದಾರಿಗಳು ಮಾತ್ರ ಊರಿಗೆ ಸೇರಿದವು. ಈ ಊರಿನ ಭೂವ್ಯವಹಾರಗಳ ಲಿಖಿತ ದಾಖಲೆಗಳು 1224ರಿಂದಲೇ ದೊರೆಯುತ್ತವೆ. 1483ರಲ್ಲಿ ನಿವಾಸಿಗಳು ಹುಲ್ಲುಗಾವಲು ಹಾಗೂ ಕಾಡುಗಳ ನಿಯಂತ್ರಣಕ್ಕಾಗಿ ಒಪ್ಪಂದವೊಂದಕ್ಕೆ ಸಹಿ ಹಾಕಿದರು. ಅದರಂತೆ ಹೊರಗಿನವನು ಊರಿನಲ್ಲಿ ಜಮೀನು ಕೊಂಡರೂ ಸಾಮುದಾಯಿಕ ಭೂಮಿಯ ಮೇಲೆ ಅವನಿಗೆ ಹಕ್ಕು ಬರುತ್ತಿರಲಿಲ್ಲ.

1517ರ ನಿಯಮವು ಇನ್ನೂ ಮಹತ್ವದ್ದು. ಚಳಿಗಾಲದಲ್ಲಿ ತನ್ನ ಮೇವಿನಿಂದ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ರೈತನು ಬೇಸಿಗೆಯಲ್ಲಿ ಬೆಟ್ಟಕ್ಕೆ ಅಟ್ಟಬಹುದಿತ್ತು. ಕೊಟ್ಟಿಗೆಯ ಹುಲ್ಲೇ ಬೆಟ್ಟದ ಹುಲ್ಲಿಗೆ ಮಿತಿಯಾಯಿತು. ಮೀರಿದವರಿಗೆ ದಂಡ, ವಸೂಲಾದ ದಂಡದಲ್ಲಿ ಒಂದು ಪಾಲು ವಸೂಲು ಮಾಡಿದ ಅಧಿಕಾರಿಗೇ ಸಲ್ಲುತ್ತಿದ್ದುದರಿಂದ ನಿಯಮವು ಕಾಗದದಲ್ಲಿಯೇ ಉಳಿಯಲಿಲ್ಲ. ಬೆಟ್ಟದ ಮೇಲೆ ತಯಾರಾದ ಗಿಣ್ಣು, ಅಂದರೆ ಚೀಸ್, ಆಯಾ ಮನೆಯ ಹಸುಗಳ ಹಾಲಿನ ಪ್ರಮಾಣಕ್ಕನುಗುಣವಾಗಿ ಹಂಚಿಕೆಯಾಗುತ್ತಿತ್ತು. ಸೌದೆಯ ವಿಷಯದಲ್ಲಿ, ಕಡಿಯಬೇಕಾದ ಮರಗಳನ್ನು ಮೊದಲು ಗುರುತಿಸಿ, ಮನೆಯವರೆಲ್ಲ ಕೂಡಿ ಕಡಿದು ಸಾಗಿಸಿ, ಸಮನಾದ ರಾಶಿಗಳನ್ನು ಒಟ್ಟಿ, ಚೀಟಿ ಎತ್ತಿ ಹಂಚಿಕೊಳ್ಳುತ್ತಿದ್ದರು. ಮಳೆ ಕಡಿಮೆಯಾದ ಈ ಪ್ರದೇಶದಲ್ಲಿ ಹುಲ್ಲಿಗೆ ಕಾಲುವೆಯ ನೀರು ಅನಿವಾರ್ಯ. ಅದನ್ನು ಸರದಿಯ ಪ್ರಕಾರ ಹಾಯಿಸಲಾಗುತ್ತಿತ್ತು.

ಸಾಮುದಾಯಿಕ ಹುಲ್ಲುಗಾವಲು ಪ್ರತಿಯೊಬ್ಬನ ಸ್ವಾರ್ಥದಿಂದ ನಾಶವಾಗುತ್ತದೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಈ ವಾದಕ್ಕೆ ಪ್ರತಿಯಾಗಿ ಎಲಿನೋರ್ ಆಸ್ಟ್ರಮ್ ಅವರು 1990ರ ತಮ್ಮ ಗ್ರಂಥದಲ್ಲಿ ತೊರ್ಬೆಲ್‌ನ ನಿದರ್ಶನವನ್ನು ಮುಂದಿಟ್ಟರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು.

ಆದರೆ ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡುವುದು ಉಚಿತವಲ್ಲ. ಹೆಚ್ಚು ಹುಲ್ಲಿದ್ದವನಿಗೆ ಹೆಚ್ಚು ಹಸುಗಳ ಹಕ್ಕು ದೊರೆಯುತ್ತಿದ್ದುದರಿಂದ ಖಾಸಗಿ ಅಸಮಾನತೆ ಬೆಟ್ಟಕ್ಕೂ ಏರುತ್ತಿತ್ತು. ಅನೇಕರು ತಡವಾಗಿ ಮದುವೆಯಾಗುತ್ತಿದ್ದರು, ಕೆಲವರು ಅವಿವಾಹಿತರಾಗಿಯೇ ಉಳಿಯುತ್ತಿದ್ದರು, ಇನ್ನು ಕೆಲವರು ಊರು ಬಿಡುತ್ತಿದ್ದರು. ಜನಸಂಖ್ಯೆಯ ಸಮತೋಲದ ಹಿಂದೆ ಇಂತಹ ವೈಯಕ್ತಿಕ ತ್ಯಾಗಗಳಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಕಣಿವೆಯ ಕಾರ್ಖಾನೆಗಳ ಕೂಲಿ ಬೇಸಾಯದ ಸ್ಥಾನವನ್ನು ಆಕ್ರಮಿಸಿತು. ತೊರ್ಬೆಲ್‌ನ ಸಾಮುದಾಯಿಕ ಸ್ವಾಮ್ಯವು ಔದಾರ್ಯದಿಂದ ಹುಟ್ಟಿದ್ದಲ್ಲ; ಎಣಿಕೆ, ಕಾವಲು ಮತ್ತು ದಂಡಗಳಿಂದ ಉಳಿದು ಬಂದದ್ದು ಎಂಬುದೇ ಅದರ ಚರಿತ್ರೆಯಿಂದ ತಿಳಿಯುವ ಸಂಗತಿ.