ಚಾಕೊಲೇಟ್ ಚಹಾ: ಲೋಟದಲ್ಲಿ ಕೊಕ್ಕೋ ಎಷ್ಟು?

ಪೇಟೆಯ ದೊಡ್ಡ ಅಂಗಡಿಗಳಲ್ಲಿ ಈಗ ಶುಂಠಿ, ಏಲಕ್ಕಿ, ನಿಂಬೆಯ ಚಹಾಗಳ ಸಾಲಿನಲ್ಲಿ ಚಾಕೊಲೇಟ್ ಚಹಾ ಎಂಬ ಪೊಟ್ಟಣವೂ ಕಾಣಸಿಗುತ್ತದೆ. ಬೆಲೆ ಸಾಧಾರಣ ಚಹಾಪುಡಿಗಿಂತ ಹಲವು ಪಟ್ಟು ಹೆಚ್ಚು. ಅಡಿಕೆ ತೋಟದ ನಡುವೆ ಕೊಕ್ಕೋ ಬೆಳೆಯುವ ನಮ್ಮ ಸದಸ್ಯರು ಇದನ್ನು ಕಂಡಾಗ ಎರಡು ಪ್ರಶ್ನೆ ಕೇಳುವುದು ಸಹಜ. ಇದರಲ್ಲಿ ನಿಜವಾಗಿ ಕೊಕ್ಕೋ ಇದೆಯೇ? ಇದ್ದರೆ, ನಾವೇ ಏಕೆ ಮಾಡಬಾರದು? ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಬಹುಮಟ್ಟಿಗೆ ನಾಲಿಗೆಯೇ ಕೊಡುತ್ತದೆ. ಎರಡನೆಯದಕ್ಕೆ ಸ್ವಲ್ಪ ಲೆಕ್ಕ ಬೇಕು.

ಮೊದಲಿಗೆ ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಚಾಕೊಲೇಟ್ ಚಹಾ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಸರಕುಗಳು ಮಾರಾಟವಾಗುತ್ತಿವೆ. ಒಂದು, ಚಹಾ ಎಲೆಗೆ ಚಾಕೊಲೇಟಿನ ಪರಿಮಳದ್ರವ್ಯ ಸೇರಿಸಿದ್ದು. ಇದರಲ್ಲಿ ಕೊಕ್ಕೋ ಒಂದು ಚೂರೂ ಇರಬೇಕೆಂದಿಲ್ಲ. ಇನ್ನೊಂದು, ಚಹಾ ಎಲೆಯೊಂದಿಗೆ ಹುರಿದ ಕೊಕ್ಕೋ ಬೀಜದ ನುಚ್ಚನ್ನು ಇಲ್ಲವೇ ಚಾಕೊಲೇಟ್ ತುಣುಕುಗಳನ್ನು ಬೆರೆಸಿದ್ದು. ಇದಕ್ಕೂ ಹಲವು ಸಲ ಪರಿಮಳದ ಒಗ್ಗರಣೆ ಇದ್ದೇ ಇರುತ್ತದೆ. ಮತ್ತೊಂದರಲ್ಲಿ ಚಹಾ ಎಲೆಯೇ ಇರುವುದಿಲ್ಲ, ಕೊಕ್ಕೋ ಬೀಜದ ಹೊಟ್ಟು ಮಾತ್ರ. ಚಹಾ ಗಿಡದ ಎಲೆ ಇಲ್ಲದ ಮೇಲೆ ಅದನ್ನು ಚಹಾ ಎನ್ನುವುದಕ್ಕಿಂತ ಕಷಾಯ ಎನ್ನುವುದೇ ಸರಿ. ಮಲೆನಾಡಿನವರಿಗೆ, ಕರಾವಳಿಯವರಿಗೆ ಆ ಪದವನ್ನು ವಿವರಿಸಬೇಕಾಗಿಲ್ಲ.

ಇವಲ್ಲದೆ, ಏನನ್ನೂ ಸೇರಿಸದೆಯೇ ಚಾಕೊಲೇಟಿನ ವಾಸನೆ ಕೊಡುವ ಚಹಾಗಳೂ ಇವೆ. ಚೀನದ ಯುನ್ನಾನ್ ಪ್ರಾಂತದ ಕಪ್ಪು ಚಹಾ, ಅಸ್ಸಾಮಿನ ಕೆಲವು ಒಳ್ಳೆಯ ಚಹಾ ಈ ಜಾತಿಯವು. ಇದರಲ್ಲಿ ಮೋಸವಿಲ್ಲ. ಕೊಕ್ಕೋ ಬೀಜ ಹುರಿಯುವಾಗ ಹುಟ್ಟುವ ಪರಿಮಳದ ಸಂಯುಕ್ತಗಳಲ್ಲಿ ಕೆಲವು, ಚಹಾ ಎಲೆಯನ್ನು ಹದಗೊಳಿಸಿ ಒಣಗಿಸುವಾಗಲೂ ಹುಟ್ಟುತ್ತವೆ. ಕಾಫಿ ಹುರಿಯುವಾಗಲೂ ಹುಟ್ಟುತ್ತವೆ. ಕಾಫಿಯ ರುಚಿ ಪರೀಕ್ಷಕರು ‘ಇದರಲ್ಲಿ ಚಾಕೊಲೇಟಿನ ಛಾಯೆ ಇದೆ’ ಎಂದು ಬರೆದಾಗ ಯಾರೂ ಕಾಫಿಗೆ ಕೊಕ್ಕೋ ಬೆರೆಸಿದ್ದಾರೆಂದು ಸಂಶಯಪಡುವುದಿಲ್ಲವಷ್ಟೆ. ಹಾಗೆಯೇ ಇದು.

ಇಲ್ಲಿ ಹೊಟ್ಟು ಎಂದರೆ ಯಾವುದು ಎಂಬುದನ್ನು ಸ್ಪಷ್ಟಪಡಿಸಬೇಕು. ಕೋಡು ಒಡೆದ ಮೇಲೆ ತೋಟದಲ್ಲಿ ರಾಶಿ ಬೀಳುವ ದಪ್ಪ ಸಿಪ್ಪೆಯಲ್ಲ, ಅದು ಗೊಬ್ಬರಕ್ಕೆ. ಹುದುಗಿಸಿ, ಒಣಗಿಸಿ, ಹುರಿದ ಬೀಜದ ಮೇಲಿರುವ ತೆಳ್ಳಗಿನ ಕಂದು ಹೊದಿಕೆ, ನೆಲಗಡಲೆ ಹುರಿದಾಗ ಉಜ್ಜಿದರೆ ಕಳಚುವಂಥದು, ಅದೇ ಹೊಟ್ಟು. ಚಾಕೊಲೇಟ್ ಕಾರ್ಖಾನೆಗೆ ಇದು ಬೇಡದ ವಸ್ತು. ಆದರೆ ಕುಡಿಯುವವರಿಗೆ ಬಹು ಹಿಂದಿನಿಂದಲೂ ಗೊತ್ತು. ಐರ್ಲೆಂಡಿನಲ್ಲಿ ಕೊಕ್ಕೋ ಕೊಳ್ಳಲಾಗದ ಬಡವರು ಈ ಹೊಟ್ಟನ್ನು ಕುದಿಸಿ ಕುಡಿಯುತ್ತಿದ್ದರು. ವ್ಯಾಪಾರದಲ್ಲಿ ಅದಕ್ಕೆ ‘ಮಿಸರಬಲ್ಸ್’, ಅಂದರೆ ದರಿದ್ರದ್ದು ಎಂಬ ಹೆಸರೇ ಇತ್ತು. ಅದೇ ಪಾನೀಯವನ್ನು ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಪತ್ನಿ ಮಾರ್ಥಾ ಇಷ್ಟಪಟ್ಟು ತರಿಸಿಕೊಳ್ಳುತ್ತಿದ್ದರು. ದರಿದ್ರದ್ದೋ ಅರಮನೆಯದೋ ಎಂಬುದು ಪೊಟ್ಟಣದ ಮೇಲಿನ ಮಾತು, ಅಷ್ಟೆ. ನಮ್ಮ ಕಾಫಿಗೂ ಇಂಥ ನೆಂಟನೊಬ್ಬನಿದ್ದಾನೆ: ಯೆಮನ್ ದೇಶದಲ್ಲಿ ಒಣಗಿದ ಕಾಫಿ ಹಣ್ಣಿನ ಸಿಪ್ಪೆಯನ್ನು ಶುಂಠಿಯೊಂದಿಗೆ ಕುದಿಸಿ ‘ಕಿಶರ್’ ಎಂದು ಕುಡಿಯುತ್ತಾರೆ.

ಇನ್ನು ರುಚಿ ನೋಡುವ ಬಗೆ. ಕಾಫಿಗೆ ಕಪ್ ಪರೀಕ್ಷೆ ಇರುವಂತೆ ಚಹಾಕ್ಕೂ ಒಂದು ಗೊತ್ತಾದ ಕ್ರಮವಿದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1980ರಲ್ಲಿ ಪ್ರಕಟಿಸಿದ 3103ನೆಯ ಮಾನಕದ ಪ್ರಕಾರ 100 ಮಿಲಿಲೀಟರ್ ಕುದಿಯುವ ನೀರಿಗೆ 2 ಗ್ರಾಂ ಎಲೆ, ಮುಚ್ಚಿಟ್ಟು 6 ನಿಮಿಷ. ಹೀಗೆ ಮಾಡಿದ ಚಹಾ ಕುಡಿಯಲು ಹಿತವಾಗಿರುತ್ತದೆಂದಲ್ಲ. ಎಲ್ಲ ಮಾದರಿಗಳಿಗೂ ಒಂದೇ ನ್ಯಾಯ ಸಿಗಲಿ ಎಂಬುದು ಉದ್ದೇಶ. ಮನೆಯಲ್ಲಿ ಮಾಡುವಾಗ ಚಮಚದ ಅಳತೆ ನಂಬಬೇಡಿ. ಹೊಟ್ಟು ಹಗುರ, ಚಹಾಪುಡಿ ಭಾರ. ಚಮಚ ಒಂದೇ ಆದರೂ ತೂಕ ಒಂದಾಗುವುದಿಲ್ಲ. ಏಲಕ್ಕಿ ತೂಗುವ ಸಣ್ಣ ತಕ್ಕಡಿ ಇದ್ದರೆ ಸಾಕು. ನೀರು ಒಂದೇ ಬಾವಿಯದಾಗಿರಲಿ, ಲೋಟಗಳು ಒಂದೇ ತರಹದವಾಗಿರಲಿ. ಯಾವ ಲೋಟದಲ್ಲಿ ಯಾವುದಿದೆ ಎಂಬುದು ಕುಡಿಯುವವರಿಗೆ ಗೊತ್ತಿರಬಾರದು. ಮನೆಯಾಕೆಯೋ ಮಕ್ಕಳೋ ಲೋಟದ ತಳಕ್ಕೆ ಗುರುತು ಹಾಕಿ ಕೊಡಲಿ. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಹೀಗೆ ಬರೆಯುವುದು ವಿಚಿತ್ರವೆನಿಸಿದರೂ ಹೇಳಲೇಬೇಕು: ಕವಳ ಹಾಕಿದ ಬಾಯಲ್ಲಿ ಈ ಪರೀಕ್ಷೆ ಸಾಗದು. ಅಡಿಕೆಯ ಒಗರು, ಸುಣ್ಣದ ಖಾರ ಇಳಿಯಲು ಒಂದು ಗಂಟೆಯಾದರೂ ಬಿಡಬೇಕು.

ಹಾಲು, ಸಕ್ಕರೆ ಮೊದಲು ಬೇಡ. ಒಣಪುಡಿಯನ್ನು ಮೂಸಿ ನೋಡಿ; ಬಿಸಿನೀರು ಹಾಕಿದ ಮೇಲೆ ಎಲೆಯನ್ನು ಮೂಸಿ ನೋಡಿ; ಆಮೇಲೆ ಡಿಕಾಕ್ಷನ್ನನ್ನು ಚಮಚದಿಂದ ಸದ್ದಾಗುವಂತೆ ಹೀರಿ. ಆದರೆ ಇಷ್ಟಕ್ಕೇ ತೀರ್ಪು ಕೊಡಬಾರದು. ಪೊಟ್ಟಣ ಬಿಚ್ಚಿದ ಕೂಡಲೇ ಮೂಗಿಗೆ ರಪ್ಪನೆ ಬಡಿಯುವ ಚಾಕೊಲೇಟಿನ ವಾಸನೆ ಹೆಚ್ಚಾಗಿ ಪರಿಮಳದ್ರವ್ಯದ್ದು. ಅದರಲ್ಲಿ ವೆನಿಲಾದ ಸಿಹಿವಾಸನೆಯೇ ಮುಂದಾಗಿರುತ್ತದೆ. ನಾವು ತಿನ್ನುವ ಚಾಕೊಲೇಟಿಗೂ ವೆನಿಲಾ ಬೆರೆಸುವುದು ರೂಢಿಯಾದುದರಿಂದ ಮೂಗು ಅದನ್ನೇ ಚಾಕೊಲೇಟ್ ಎಂದು ಒಪ್ಪಿಬಿಡುತ್ತದೆ.

ನಿಜ ಹೊರಬೀಳುವುದು ಲೋಟ ಆರಿದ ಮೇಲೆ. ಕಾಲು ಗಂಟೆ ಬಿಟ್ಟು ಮತ್ತೆ ಕುಡಿದು ನೋಡಿ. ಪರಿಮಳ ಮಾತ್ರ ಸೇರಿಸಿದ ಚಹಾದಲ್ಲಿ ಆಗ ಬರಿಯ ಚಹಾದ ಒಗರು ಉಳಿದಿರುತ್ತದೆ, ಚಾಕೊಲೇಟ್ ಎದ್ದು ಹೋಗಿರುತ್ತದೆ. ಕೊಕ್ಕೋ ನುಚ್ಚು ಇರುವ ಚಹಾದಲ್ಲಿ ನಾಲಿಗೆಯ ಹಿಂಭಾಗದಲ್ಲಿ ಒಂದು ಮೆಲ್ಲಗಿನ ಕಹಿ ನಿಲ್ಲುತ್ತದೆ. ಬೆಳಕಿಗೆ ಹಿಡಿದರೆ ಮೇಲ್ಗಡೆ ಕೊಬ್ಬಿನ ಸಣ್ಣ ಹನಿಗಳು ಹೊಳೆಯುವುದೂ ಉಂಟು. ಕೊಕ್ಕೋ ಬೀಜದ ತಿರುಳಿನಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ ಇದು ಸಹಜ. ಹೊಟ್ಟಿನ ಕಷಾಯದಲ್ಲಿ ಒಗರು ಕಡಿಮೆ, ಹುರಿದ ವಾಸನೆ ಹೆಚ್ಚು. ಕೆಫೀನ್ ಅಲ್ಪವಾದುದರಿಂದ ರಾತ್ರಿ ಕುಡಿದರೂ ನಿದ್ದೆಗೆ ಅಷ್ಟು ತೊಂದರೆಯಿಲ್ಲ. ಇನ್ನೊಂದು ಸುಲಭ ಪರೀಕ್ಷೆ, ಅದೇ ಎಲೆಗೆ ಎರಡನೆಯ ಸಲ ಬಿಸಿನೀರು ಹಾಕುವುದು. ಸೇರಿಸಿದ ಪರಿಮಳ ಮೊದಲ ನೀರಿಗೇ ಬಹುಪಾಲು ಮುಗಿದಿರುತ್ತದೆ.

ನನ್ನ ನಾಲಿಗೆ ಕೇಳಿದರೆ, ಚಹಾ ಎಲೆ ಮತ್ತು ಕೊಕ್ಕೋ ಒಟ್ಟಿಗಿದ್ದಾಗ ಎರಡೂ ಒಗರಾದುದರಿಂದ ಒಂದಕ್ಕೊಂದು ಜಗಳವಾಡುತ್ತವೆ. ಹಾಲು ಬಿದ್ದ ಮೇಲೆ ರಾಜಿಯಾಗುತ್ತವೆ. ಬರಿಯ ಹೊಟ್ಟಿನ ಕಷಾಯವೇ ಇವುಗಳಲ್ಲಿ ಹೆಚ್ಚು ಪ್ರಾಮಾಣಿಕ ಪಾನೀಯ. ಮಾನಕದ ಅಳತೆಗೆ ಅದು ತೆಳ್ಳಗಾಗುತ್ತದೆ. ಕುಡಿಯಲೆಂದೇ ಮಾಡುವಾಗ ಒಂದು ಲೋಟಕ್ಕೆ ಎರಡು ದೊಡ್ಡ ಚಮಚ ಹೊಟ್ಟು ಹಾಕಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕುದಿಸಿ, ಸ್ವಲ್ಪ ಬೆಲ್ಲ, ಹಾಲು ಸೇರಿಸಿದರೆ ಚೆನ್ನಾಗಿರುತ್ತದೆ.

ಪೊಟ್ಟಣ ಕೊಳ್ಳುವ ಮೊದಲೇ ತಿಳಿಯಬೇಕಾದರೆ ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಸೇರಿಸಿದ ಪರಿಮಳವನ್ನೂ ಹೇಳಲೇಬೇಕು. ಚಹಾ ಮತ್ತು ‘ಫ್ಲೇವರ್’ ಎಂದಷ್ಟೇ ಇದ್ದು ಕೊಕ್ಕೋ ಎಂಬ ಪದವೇ ಇಲ್ಲದಿದ್ದರೆ, ಮುಂಬದಿಯ ಕೋಡಿನ ಚಿತ್ರ ಬರಿಯ ಅಲಂಕಾರ. ಇದು ನಮಗೆ ಸಣ್ಣ ವಿಷಯವಲ್ಲ. 2024ರಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಕೊಕ್ಕೋ ಟನ್ನಿಗೆ 10,000 ಡಾಲರ್ ದಾಟಿತು; ಬೆಳೆಗಾರ ಸಂತೋಷಪಟ್ಟ. ಆದರೆ ಬೀಜ ದುಬಾರಿಯಾದಾಗ ತಯಾರಕರು ಬೀಜ ಕಡಿಮೆ ಮಾಡಿ ಪರಿಮಳ ಹೆಚ್ಚಿಸಲು ನೋಡುತ್ತಾರೆ. ಕುಡಿಯುವವನ ನಾಲಿಗೆ ಸೀಸೆಯ ಪರಿಮಳಕ್ಕೇ ಒಗ್ಗಿಹೋದರೆ, ಬೆಲೆ ಇಳಿದ ಮೇಲೂ ಬೀಜ ಹಳೆಯ ಜಾಗಕ್ಕೆ ಮರಳುತ್ತದೆಂಬ ಭರವಸೆಯಿಲ್ಲ. 1980ರ ಸುಮಾರಿಗೆ ಕೊಳ್ಳುವವರಿಲ್ಲದೆ ಕೊಕ್ಕೋ ಗಿಡ ಕಡಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಆಗ ಕ್ಯಾಂಪ್ಕೊ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆಯೇ ಬೆಳೆಗೆ ಉಸಿರು ಬಂದದ್ದು.

ಈಗ ನಾವೇ ಮಾಡಬಹುದೇ ಎಂಬ ಮಾತು. ನಮ್ಮಲ್ಲಿ ಹೆಚ್ಚಿನವರು ಹಸಿ ಬೀಜವನ್ನೇ ಮಾರುತ್ತೇವೆ. ಹೊಟ್ಟು ನಮ್ಮ ಕೈಗೆ ಬರುವುದೇ ಇಲ್ಲ. 100 ಕಿಲೋ ಹಸಿ ಬೀಜ ಹುದುಗಿಸಿ ಒಣಗಿಸಿದರೆ ಸುಮಾರು 35 ಕಿಲೋ ಒಣಬೀಜ. ಅದರ ತೂಕದಲ್ಲಿ ಹೊಟ್ಟು ನೂರಕ್ಕೆ 10ರಿಂದ 15 ಪಾಲು; ಎಂದರೆ ಮೂರೂವರೆಯಿಂದ ಐದು ಕಿಲೋ. ಉಳಿದ 30 ಕಿಲೋ ತಿರುಳಿಗೆ ಗಿರಾಕಿ ಇಲ್ಲದೆ ಹೊಟ್ಟಿಗಾಗಿ ಬೀಜ ಹುರಿಯುವುದು, ಬೇಳೆಗಾಗಿ ಹಲಸಿನಹಣ್ಣು ಕೊಂಡು ತೊಳೆ ಎಸೆದಂತೆ. ಮನೆಯಲ್ಲೇ ಚಾಕೊಲೇಟ್ ಮಾಡುವವರಿಗೆ, ಅಂಥ ಸಣ್ಣ ತಯಾರಕರಿಗೆ ಒಣಬೀಜ ಕೊಡುವವರಿಗೆ ಮಾತ್ರ ಇದು ಉಪ ಆದಾಯ. ಉಳಿದವರು ಮನೆ ಬಳಕೆಗೆ ಮಾಡಿ ನೋಡಬಹುದು.

ಹಾಗೆ ಮಾಡುವವರು ಒಂದು ಮಾತು ಗಮನದಲ್ಲಿಡಬೇಕು. ಚಾಕೊಲೇಟ್ ತಯಾರಿಕೆಯಲ್ಲಿ ಹೊಟ್ಟನ್ನು ಎಸೆಯುವುದರಿಂದ ಅದಕ್ಕೆ ಅಂಟಿದ ಕೊಳೆಯೂ ಅದರೊಂದಿಗೆ ಹೋಗುತ್ತದೆ. ಇಲ್ಲಿ ನಾವು ಕುಡಿಯುವುದೇ ಹೊಟ್ಟನ್ನು. ಸಗಣಿ ಸಾರಿಸಿದ ಅಂಗಳದಲ್ಲಿ, ರಸ್ತೆ ಬದಿಯ ಧೂಳಿನಲ್ಲಿ ಒಣಗಿಸಿದ ಬೀಜ ಇದಕ್ಕೆ ಸಲ್ಲದು. ಅಡಿಕೆಗೆ ಹೊಡೆದ ಬೋರ್ಡೋ ದ್ರಾವಣ ಕೆಳಗಿನ ಕೊಕ್ಕೋ ಕೋಡುಗಳ ಮೇಲೂ ಬಿದ್ದಿರುತ್ತದೆ. ಕೋಡು ಒಡೆಯುವಾಗ ಸಿಪ್ಪೆಯ ಚೂರು ಬೀಜಕ್ಕೆ ಬೆರೆಯಬಾರದು. ಬಾಳೆ ಎಲೆ ಹಾಸಿದ ಬುಟ್ಟಿಯಲ್ಲಿ ತುಂಬಿ, ಮೂರನೆಯ ಮತ್ತು ಐದನೆಯ ದಿನ ತಿರುವಿ ಹಾಕಿ, ಆರು ದಿನಕ್ಕೆ ತೆಗೆಯುವುದು ಸಣ್ಣ ಪ್ರಮಾಣಕ್ಕೆ ಹೊಂದುತ್ತದೆ. ಆಮೇಲೆ ಶುದ್ಧವಾದ ಟಾರ್ಪಾಲಿನ ಮೇಲೆ, ತೇವಾಂಶ ನೂರಕ್ಕೆ ಏಳಕ್ಕಿಂತ ಕೆಳಗೆ ಇಳಿಯುವವರೆಗೆ ಬಿಸಿಲು. ಮಳೆಗಾಲದ ಬೀಜವನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆಯ ವಾಸನೆ ಹಿಡಿಯುತ್ತದೆ, ಅದು ಯಾವ ಬೆಲ್ಲಕ್ಕೂ ಮುಚ್ಚುವುದಿಲ್ಲ. ಬೂಷ್ಟು ಬಂದ ಬೀಜವನ್ನಂತೂ ಮುಟ್ಟಲೇಬಾರದು. ಕಾಫಿಯವರಿಗೆ ಪರಿಚಿತವಾದ ಓಕ್ರಟಾಕ್ಸಿನ್ ಎಂಬ ಬೂಷ್ಟಿನ ವಿಷ ಕೊಕ್ಕೋದಲ್ಲಿ ಹೆಚ್ಚಾಗಿ ಸೇರಿಕೊಳ್ಳುವುದು ಈ ಹೊಟ್ಟಿನಲ್ಲೇ. ಕುದಿಸಿದರೆ ಅದು ಹೋಗುವುದಿಲ್ಲ.

ಹುರಿಯಲು ದಪ್ಪ ತಳದ ಬಾಣಲೆ, ಸಣ್ಣ ಉರಿ, ಬಿಡದೆ ಕೈಯಾಡಿಸುತ್ತ ಸುಮಾರು ಅರ್ಧ ಗಂಟೆ. ಬೀಜ ಚಟಪಟ ಎನ್ನತೊಡಗಿ ಹೊಟ್ಟು ಬೆರಳಿಗೆ ಕಳಚಿದರೆ ಇಳಿಸಿ, ಆರಿಸಿ, ಮುರಿದು ಮೊರದಲ್ಲಿ ಕೇರಿ.

ಒಣಬೀಜ ಮಾರುವವರಿಗೆ ಈ ಕಷಾಯದಿಂದ ಬೇರೊಂದು ಉಪಯೋಗವಿದೆ. ಪ್ರತಿ ಒಬ್ಬೆಯಿಂದ ಒಂದು ಹಿಡಿ ಬೀಜ ಹುರಿದು, ಅದರ ಹೊಟ್ಟನ್ನು ಹಾಲು ಸಕ್ಕರೆ ಇಲ್ಲದೆ ಕುದಿಸಿ ಮೂಸಿದರೆ ಹೊಗೆ, ಬೂಷ್ಟು, ಅತಿಯಾದ ಹುಳಿ, ಹೆಚ್ಚು ಹುದುಗಿ ಬಂದ ಕೊಳೆತ ವಾಸನೆ ಇವೆಲ್ಲ ಖರೀದಿದಾರ ಹೇಳುವ ಮೊದಲೇ ನಮಗೆ ಗೊತ್ತಾಗುತ್ತವೆ. ಹುದುಗುವಿಕೆ ಸಾಲದೆ ಹೋದದ್ದು ಮಾತ್ರ ಹೀಗೆ ಸರಿಯಾಗಿ ತಿಳಿಯದು. ಅದಕ್ಕೆ ಬೀಜವನ್ನು ಉದ್ದಕ್ಕೆ ಸೀಳಿ ನೋಡಬೇಕು. ಒಳಗೆ ಕಂದು ಬಣ್ಣ, ಬಿರುಕು ಬಿರುಕಾದ ತಿರುಳು ಇದ್ದರೆ ಸರಿ. ಸ್ಲೇಟಿನ ಬಣ್ಣ, ಗಟ್ಟಿ ತಿರುಳು ಇದ್ದರೆ ಬುಟ್ಟಿಯಿಂದ ಬೇಗ ತೆಗೆದಿದ್ದೇವೆ ಎಂದರ್ಥ.

ಹೊಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ, ಕಾಫಿಪುಡಿ ಮತ್ತು ಮಸಾಲೆಗಳಿಂದ ದೂರ ಇಡಿ. ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಕುದಿಸಿದ ಚರಟವನ್ನು ನಾಯಿ ಮೂಸುವ ಕಡೆ ಎಸೆಯಬೇಡಿ. ಕೊಕ್ಕೋದಲ್ಲಿರುವ ಥಿಯೋಬ್ರೋಮಿನ್ ಮನುಷ್ಯನಿಗೆ ಈ ಪ್ರಮಾಣದಲ್ಲಿ ತೊಂದರೆ ಕೊಡದಿದ್ದರೂ ನಾಯಿಗೆ ವಿಷ. ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚುವುದು ಒಳ್ಳೆಯದು.