ಗಣಕಯಂತ್ರದ ಪರಕಾಯ ಪ್ರವೇಶ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಾರನು ಅಟ್ಟದ ಮೇಲಿನ ಕಾಯಿಯನ್ನು ಅಲುಗಿಸಿ, ಕೊಬ್ಬರಿಯು ಚಿಪ್ಪನ್ನು ಬಿಟ್ಟಿತೇ ಎಂಬುದನ್ನು ಸದ್ದಿನಿಂದಲೇ ಅರಿಯುತ್ತಾನೆ. ಆದರೆ ಅವನ ಮಕ್ಕಳು ನಿತ್ಯವೂ ಬಳಸುವ ಗಣಕಯಂತ್ರದ ಒಳಗು ಅವರ ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಈ ಕೊರತೆಯನ್ನು ನೀಗಲು ಸುಲಭ ಸಾಧನವೊಂದಿದೆ.

ಭಾರತ ಸರ್ಕಾರವು 1984ರಲ್ಲಿ ಆರಂಭಿಸಿದ 'ಕ್ಲಾಸ್' ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಗಣಕಯಂತ್ರಗಳು ಬಂದವು. ಅದರ 6502 ಎಂಬ ಸಂಸ್ಕಾರಕಕ್ಕೆ ಸೆಕೆಂಡಿಗೆ 20 ಲಕ್ಷ ಮಿಡಿತ. ಸ್ಮೃತಿ 32 ಕಿಲೋಬೈಟ್. 2021ರಲ್ಲಿ ಹೊರಬಂದ, ಕೆಲವೇ ನೂರು ರೂಪಾಯಿ ಬೆಲೆಯ ರಾಸ್ಪ್‌ಬೆರಿ ಪೈ ಪಿಕೊ ಎಂಬ ಬೆರಳುದ್ದದ ಫಲಕಕ್ಕಾದರೋ 13 ಕೋಟಿಗೂ ಮಿಕ್ಕ ಮಿಡಿತ, 264 ಕಿಲೋಬೈಟ್ ಸ್ಮೃತಿ. ಇದು ಹಳೆಯ ಯಂತ್ರದ ಆಜ್ಞೆಗಳನ್ನು ಒಂದೊಂದಾಗಿ ಓದಿ, ಅರ್ಥವನ್ನು ಗ್ರಹಿಸಿ, ತನ್ನ ಹಲವು ಆಜ್ಞೆಗಳಿಂದ ಅದೇ ಫಲವನ್ನು ಸಾಧಿಸುತ್ತದೆ. ಹಳೆಯ ಯಂತ್ರದ ಗತಿಗೆ ತಕ್ಕಂತೆ ತನ್ನ ವೇಗವನ್ನೂ ತಡೆದುಕೊಳ್ಳುತ್ತದೆ. ಇದನ್ನು ಪರಕಾಯ ಪ್ರವೇಶವೆನ್ನಬಹುದು.

ಬಿಡಿಭಾಗಗಳ ಕಿಟ್ಟನ್ನು ತರಿಸಿ, ವಿದ್ಯಾರ್ಥಿಗಳೇ ಬೆಸುಗೆ ಹಾಕಿ ಇದನ್ನು ಜೋಡಿಸಬಹುದು. ತೆರೆಯ ಮೇಲಿನ ಕೆಂಪು, ಹಸಿರು, ನೀಲಿಗಳಿಗೆ ಬೇರೆ ಬೇರೆ ತಂತಿಗಳುಂಟು. ಕೆಂಪಿನ ಬೆಸುಗೆ ಸಡಿಲವಾದರೆ ಚಿತ್ರದಲ್ಲಿ ಕೆಂಪು ಮಾಯವಾಗುತ್ತದೆ. ಆಗ ಬಾಲಕನು ಯಂತ್ರವನ್ನು ಬಿಸುಡದೆ, ಕಾರಣವನ್ನು ಹುಡುಕಿ, ಮರಳಿ ಬೆಸೆಯುತ್ತಾನೆ. ಕೈಗೆ ಕೆಲಸ, ಬುದ್ಧಿಗೆ ಅರಿವು ಏಕಕಾಲಕ್ಕೆ ಲಭಿಸುವ ಇಂಥ ಕಲಿಕೆಯೇ ಕಾಯಕ. ಅದಕ್ಕೆ ಶಾಲೆಯಲ್ಲಿ ಒಂದು ಮೇಜು, ಒಂದು ಬೆಸುಗೆಕಡ್ಡಿ, ತಾಳ್ಮೆಯುಳ್ಳ ಒಬ್ಬ ಗುರು ಇದ್ದರೆ ಸಾಕು.